ಊಟಕ್ಕೆ ಎರಡನೇ ಕರೆ

ನಾನು ಚಿಕ್ಕವನಿದ್ದಾಗ ಬೆಸಗರಹಳ್ಳಿ ಪಕ್ಕದ ನಮ್ಮೂರಿನಲ್ಲಿ ನೆಂಟರನ್ನು ಊಟಕ್ಕೆ ಎರಡು ಸಲ ಕರೆಯಬೇಕಿತ್ತು. ಬೆಳಿಗ್ಗೆ ದೊಡ್ಡವರು ಹೋಗಿ ಹೇಳಿ ಬರುತ್ತಿದ್ದರು. ಅಡುಗೆಯಾದ ಮೇಲೆ ಮನೆಯ ಮಕ್ಕಳು ಅವರ ಬಾಗಿಲಿಗೆ ಹೋಗಿ, "ಊಟಕ್ ಏಳ್ಬೇಕಂತೆ" ಅನ್ನಬೇಕು. ಆ ಮಾತು ಕಿವಿಗೆ ಬೀಳದಿದ್ದರೆ ಹೊಟ್ಟೆ ಚುರುಗುಟ್ಟಿದರೂ ಯಾರೂ ಮೇಲೇಳುತ್ತಿರಲಿಲ್ಲ.

ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಟ್ಟ ದಿನ. ಮನೆ ತುಂಬ ಬಾಡಿನ ಸಾರಿನ ಘಮ. ಹೊಲದ ಬದುವಿನ ಜಗಳ ಮುಗಿದ ಮೇಲೆ ದೊಡ್ಡಪ್ಪ ನಮ್ಮಲ್ಲಿ ಉಣ್ಣಬೇಕಿದ್ದದ್ದು ಅದೇ ಮೊದಲು. ಎರಡನೇ ಕರೆಗೆ ಅಪ್ಪ ನನ್ನನ್ನೇ ಅಟ್ಟಿದ. ನಾಲ್ಕು ಜನರ ಮುಂದೆ ನಾನು ಬಾಯಿ ಬಿಡುತ್ತಿರಲಿಲ್ಲ, ಅದು ಅವನಿಗೂ ಗೊತ್ತಿತ್ತು. "ಇವತ್ತು ಇವ್ನ ಬಾಯಿ ಬುಡುಸ್ತೀನಿ" ಅಂದ.

ದೊಡ್ಡಪ್ಪನ ಜಗಲಿ ತುಂಬ ಗಂಡಸರು. ನಾನು ಯಾಕೆ ಬಂದೆ ಅಂತ ಎಲ್ಲರಿಗೂ ಗೊತ್ತು.

"ಬಾಯ್ಗೇನ್ಲಾ ಮುದ್ದೆ ತುಂಬ್ಕಂಡಿದ್ದೀಯಾ? ಮಾತಾಡ್ಲಾ, ಮೂಗ!" ಅಂದ ದೊಡ್ಡಪ್ಪ.

ಎಲ್ಲರೂ ಗೊಳ್ಳೆಂದರು. ನನ್ನ ತೊಡೆಯ ಮೇಲೆ ಬೆಚ್ಚಗೆ ಹರಿದು ಚಡ್ಡಿ ಒದ್ದೆಯಾಯಿತು. ನಗು ಇನ್ನೂ ಜೋರಾಯಿತು. ಮನೆಗೆ ಓಡಿದೆ.

ಅಕ್ಕ ಬೇರೆ ಚಡ್ಡಿ ತರುವಷ್ಟರಲ್ಲಿ ಅಪ್ಪ ಹುಣಸೆ ಮರದ ಒಂದು ಬರಲು ಮುರಿದುಕೊಂಡಿದ್ದ. ಒದ್ದೆ ಚಡ್ಡಿಯಲ್ಲೇ ನನ್ನನ್ನು ದರದರ ಎಳೆದುಕೊಂಡು ಹೋಗಿ ಅದೇ ಜಗಲಿಯ ಮುಂದೆ ನಿಲ್ಲಿಸಿದ. "ಕೂಗ್ಲಾ!" ಅಂತ ಮೀನಖಂಡಕ್ಕೆ ಬಾರಿಸಿದ. ಕೂಗಿದೆ. ಕೇಳಿಸಲಿಲ್ಲ ಅಂದ ದೊಡ್ಡಪ್ಪ. ಇನ್ನೊಂದು ಬಿತ್ತು. ಊರಿಗೇ ಕೇಳುವಂತೆ ಅರಚಿದೆ.

ಆಗ ದೊಡ್ಡಪ್ಪ ಪಂಚೆ ಕೊಡವಿಕೊಂಡು ಎದ್ದ. "ಇಂಗ್ ಬುದ್ಧಿ ಕಲಿಸ್ಬೇಕು ಕಣಪ್ಪ" ಅಂತ ಅಪ್ಪನ ಬೆನ್ನು ತಟ್ಟಿದ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಚೆನ್ನಾಗಿ ಉಂಡರು. ಹುಲ್ಲಿನ ಮೆದೆಯ ಹಿಂದೆ ಅಕ್ಕ, "ತಿನ್ನಪ್ಪ, ಅಳ್ಬ್ಯಾಡ" ಅಂತ ತುತ್ತು ಹಿಡಿದಳು. ಒಳಗೆ ಇಳಿಯಲಿಲ್ಲ. ಅಪ್ಪನ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ ಕಣ್ರೋ ಮಕ್ಕಳಾ.

ಈಗ ಗುತ್ತಲು ಬಡಾವಣೆಯಲ್ಲಿ ನಿಮ್ಮ ತಂಗಿ ಪುಟ್ಟಿಗೂ ನನ್ನದೇ ಹೆದರಿಕೆ. ಅವಳ ಶಾಲೆಯ ಮಿಸ್ಸು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಮಾತು ಬೇಡ, ಮೊದಲು ಕೈ ಬೀಸು ಸಾಕು" ಅಂದರಂತೆ. ಕೈ ಬೀಸುತ್ತ ಬೀಸುತ್ತ ಒಬ್ಬಳು ಗೆಳತಿ ಸಿಕ್ಕಳು. ಮೊನ್ನೆ ಪುಟ್ಟಿಯೇ ಎದುರು ಮನೆಯ ಬಾಗಿಲಲ್ಲಿ ನಿಂತು, "ಆಡೋಕ್ ಬತ್ತೀಯಾ?" ಅಂತ ಪಿಸುಗುಟ್ಟಿದಳು. ಇನ್ನು ದಿನಾ ಅಲ್ಲೇ ಅವಳ ಆಟ. ನಾನೋ, ಆಮೇಲೆ ದೊಡ್ಡಪ್ಪನ ಹೊಸ್ತಿಲು ತುಳಿಯಲೇ ಇಲ್ಲ, ಅವನ ಹೆಣ ಎತ್ತಿದ ದಿನವೂ.