ದ್ರಾಕ್ಷಿ ತೋಟದ ಕಲ್ಲು ಹೆಂಗಸು

ಮೊನ್ನೆ ಅಡುಗೆಮನೆಯ ಮೂಲೆಯಲ್ಲಿ ಮರೆತಿದ್ದ ಕಪ್ಪು ದ್ರಾಕ್ಷಿಯ ಚೀಲ ಬಿಚ್ಚಿದೆ. ಹಣ್ಣು ಒಡೆದು, ರಸ ಹುದುಗು ಬಂದು, ಹುಳಿ ವಾಸನೆ ಮೂಗಿಗೆ ಬಡಿಯಿತು. ಚೀಲ ಹೊರಗೆ ಹಾಕಿ ಕೈ ತೊಳೆದರೂ ವಾಸನೆ ಹೋಗಲಿಲ್ಲ. ಹುಣಸೂರಿನ ಪಕ್ಕದ ಮನೆಯ ಅಕ್ಕ ನೆನಪಾದರು...

ಎಪ್ಪತ್ತರ ದಶಕದ ಮೊದಮೊದಲ ವರ್ಷಗಳು. ನಾನು ಮದುವೆಯಾಗಿ ಹುಣಸೂರಿಗೆ ಹೊಸದಾಗಿ ಬಂದಿದ್ದೆ. ಅಕ್ಕನ ಗಂಡ ಕಲ್ಲು ಕೆತ್ತುವವರು. ಒರಳು, ಬೀಸುವ ಕಲ್ಲು ಮಾಡಿಕೊಂಡಿದ್ದವರನ್ನು ಪಿರಿಯಾಪಟ್ಟಣದಾಚೆ, ಕೊಡಗಿನ ರಸ್ತೆಯಲ್ಲಿ ದ್ರಾಕ್ಷಿ ಬೆಳೆದು ವೈನ್ ತೆಗೆಯುತ್ತಿದ್ದ ಸಾಹುಕಾರರೊಬ್ಬರು ಕರೆದೊಯ್ದಿದ್ದರು. ಹೂದೋಟದ ತುಂಬ ಬೊಂಬೆ ನಿಲ್ಲಿಸಬೇಕೆಂಬುದು ಅವರ ಆಸೆ. ಅಕ್ಕನ ಗಂಡ ಅಲ್ಲೇ ಉಳಿದು ಹಬ್ಬಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಬಂದಾಗಲೆಲ್ಲ ಕೆಮ್ಮು. ಕೋಟೆ ತಾಲ್ಲೂಕಿನ ಕಡೆಯಿಂದ ತರಿಸಿದ ಕಪ್ಪು ಕಲ್ಲಿನ ಧೂಳು ಎದೆಯೊಳಗೆ ಕೂತಿದೆ ಎಂದು ಡಾಕ್ಟರು ಹೇಳುವ ಹೊತ್ತಿಗೆ ತಡವಾಗಿತ್ತು. ಕಡೆಯ ಬೊಂಬೆ ಮುಗಿಯಲಿಲ್ಲವಲ್ಲ ಎಂದು ಹಲುಬುತ್ತಲೇ ಹೋಗಿಬಿಟ್ಟರು. ಮಕ್ಕಳಿರಲಿಲ್ಲ. ಅಕ್ಕ ಸಾವಿನ ದಿನವೂ ಕಣ್ಣೀರು ಹಾಕದೆ ಬೀದಿಯವರ ಬಾಯಿಗೆ ಬಿದ್ದರು.

ಮುಂದಿನ ಬೇಸಿಗೆಗೆ ನಮ್ಮ ಬೀದಿಯ ಹೆಂಗಸರು ಆ ತೋಟ ನೋಡಿಬರಲು ಒಂದು ವ್ಯಾನು ಗೊತ್ತುಮಾಡಿದರು. ಅಕ್ಕನನ್ನು ಯಾರೂ ಕರೆದಿರಲಿಲ್ಲ. ಅವರೇ ನಮ್ಮ ಬಾಗಿಲಿಗೆ ಬಂದರು.

“ನಾನೂ ಬತ್ತೀನಿ ಕಣವ್ವ. ನಮ್ಮೋರು ಮಾಡಿದ್ದ ಒಂದ್ಸಲ ಕಣ್ಣಲ್ಲಿ ನೋಡ್ಬುಡ್ತೀನಿ.”

ವ್ಯಾನಿನ ಹಿಂದಿನ ಸೀಟಿನಿಂದ ಒಬ್ಬಾಕೆ, “ವರ್ಸ ತುಂಬಿಲ್ಲ, ಆಗ್ಲೇ ತಿರುಗಾಡಾಕೆ ಒಂಟವಳೆ ನೋಡು” ಎಂದದ್ದು ಅಕ್ಕನಿಗೂ ಕೇಳಿಸಿತು. ಅವರು ಕಿಟಕಿಯಾಚೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಗಳನ್ನು ನೋಡುತ್ತ ಕೂತರು.

ತೋಟ ನಿಜಕ್ಕೂ ಚೆಂದವಿತ್ತು. ಚಪ್ಪರದ ತುಂಬ ಕಪ್ಪು ಗೊಂಚಲು. ಪೀಪಾಯಿಗಳ ಶೆಡ್ಡಿನಿಂದ ಹುಳಿ ಗಾಳಿ. ಗುಲಾಬಿ ಸಾಲುಗಳ ನಡುವೆ ಕಲ್ಲಿನ ನವಿಲು, ಆನೆಮರಿ, ಜಿಂಕೆ. ಸಾಹುಕಾರರ ಹೆಂಡತಿ ಪುಟ್ಟ ಲೋಟಗಳಲ್ಲಿ ತಂದಿಟ್ಟದ್ದನ್ನು ಶರಬತ್ತೆಂದುಕೊಂಡು ನಮ್ಮತ್ತೆ ಗಟಗಟ ಕುಡಿದುಬಿಟ್ಟರು. ಗೊತ್ತಾದ ಮೇಲೆ “ಶಿವ ಶಿವಾ” ಎಂದು ವಿಭೂತಿಯ ಹಣೆ ಚಚ್ಚಿಕೊಂಡರು. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದಾಗ ನೋಡುತ್ತೇನೆ, ಅಕ್ಕ ಇಲ್ಲ. ಮಾಲಿಯ ಜೊತೆ ದೂರ ಹೋಗಿದ್ದರು. ನಾನೂ ಹಿಂದೆಯೇ ಓಡಿದೆ.

ತಾವರೆಕೊಳದ ದಡದಲ್ಲಿ ಆಳೆತ್ತರದ ಹೆಂಗಸಿನ ಬೊಂಬೆ. ಸೊಂಟದ ಮೇಲೆ ದ್ರಾಕ್ಷಿಯ ಬುಟ್ಟಿ. ಇನ್ನೊಂದು ಕೈ ಯಾರನ್ನೋ ಕರೆಯುವಂತೆ ಚಾಚಿತ್ತು. ನಗುಮುಖ.

“ಇದೇನಾ ಕಡೇದು?” ಅಕ್ಕ ಕೇಳಿದರು.

“ಊಂ ಕಣವ್ವ,” ಎಂದ ಮಾಲಿ. “ಅವ್ರು ಓದ್ಮೇಲೆ ಅಂಗೇ ಬಿದ್ದಿತ್ತು. ಮೈಸೂರಿಂದ ಬ್ಯಾರೆ ಆಚಾರಿ ಕರ್ಸಿ ಮೊಕ ಮಾಡಿಸುದ್ರು.”

“ಅಂಗಾರೆ ನಮ್ಮೋರ್ದು?”

“ಮೊಕ ಒಂದು ಬುಟ್ಟು ಮಿಕ್ಕಿದ್ದೆಲ್ಲಾ ಅವ್ರದೇಯ. ಆ ಕೈ ಮುಂದೆ ಎಷ್ಟು ದಿನ ಕೂತಿದ್ರು ಅಂತೀರಿ! ಕೆಮ್ಮು ಬಂದ್ರೆ ಉಳಿ ಕೆಳೀಕಿಕ್ಕೋರು, ನಿಂತ್ಮೇಲೆ ತಿರ್ಗಾ ಇಡ್ಕಳೋರು.”

ಅಕ್ಕ ಮುಖದ ಕಡೆ ನೋಡಲೇ ಇಲ್ಲ. ಸೆರಗಿನಿಂದ ಕಲ್ಲಿನ ಬೆರಳುಗಳ ಧೂಳು ಒರೆಸಿದರು... ಒಂದೊಂದೇ ಬೆರಳು. ಆಮೇಲೆ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಜೋರಾಗಿ ಅತ್ತರು.

“ಇಷ್ಟು ನುಣ್ಣಗೆ ಮಾಡಾಗಂಟ ಉಸ್ರು ಸವೆಸ್ಬುಟ್ರಲ್ಲಾ...”

ನಗು ನಿಂತಿತು. ಎಲ್ಲರೂ ಬಂದರು. ವ್ಯಾನಿನಲ್ಲಿ ಆಡಿಕೊಂಡಿದ್ದಾಕೆಯೇ ಪಕ್ಕ ಕೂತು ಅಕ್ಕನ ಬೆನ್ನು ನೇವರಿಸಿದಳು.

ಹೊರಡುವಾಗ ಸಾಹುಕಾರರ ಹೆಂಡತಿ ಕಣ್ಣೊರೆಸಿಕೊಳ್ಳುತ್ತ, “ಬೇಕಾದ್ರೆ ಇದನ್ನ ನಿಮ್ಮನೆಗೇ ಕಳಿಸಿಕೊಡ್ತೀವಿ” ಎಂದರು. ಅಕ್ಕ ಬೊಂಬೆಯ ಕಡೆ ಇನ್ನೊಮ್ಮೆ ತಿರುಗಿ ನೋಡಿದರು.

“ಬ್ಯಾಡ ಕಣ್ರವ್ವ. ನನ್ನ ಮನೇಲಿ ನಿಲ್ಸುದ್ರೆ ನಾನೊಬ್ಳೇ ನೋಡ್ಬೇಕು. ಇಲ್ಲಾದ್ರೆ ನಾಕು ಜನ ನೋಡ್ತಾರೆ.”

ವಾಪಸು ಬರುವಾಗ ನನ್ನ ಹೆಗಲಿಗೆ ಒರಗಿ ಮಗುವಿನಂತೆ ನಿದ್ದೆ ಮಾಡಿದರು. ಮರುವರ್ಷ ಹಣ್ಣಿನ ಕಾಲಕ್ಕೆ ಮತ್ತೆ ಹೋಗೋಣವೇ ಎಂದೆ. “ಬ್ಯಾಡ ಬುಡವ್ವ, ತಿರ್ಗಾ ಬುಟ್ಟು ಬರಾಕೆ ನನ್ನ ಕೈಲಾಗಾಕಿಲ್ಲ” ಎಂದರು. ಆಮೇಲೆ ಗಾವಡಗೆರೆಯ ತಮ್ಮನ ಮನೆ ಸೇರಿದರು. ಅಲ್ಲೇ ತೀರಿಕೊಂಡರು. ನಾನಾಗ ಕೆ.ಆರ್. ನಗರದ ತವರಿನಲ್ಲಿ ಬಾಣಂತಿ. ಸುದ್ದಿ ಕಿವಿಗೆ ಬೀಳುವಷ್ಟರಲ್ಲಿ ತಿಥಿಯೂ ಮುಗಿದಿತ್ತು.

ಆ ತೋಟ ಕೈ ಬದಲಾಗಿ, ಚಪ್ಪರ ಕಿತ್ತು ಶುಂಠಿ ಹಾಕಿದ್ದಾರಂತೆ. ಬೊಂಬೆಗಳನ್ನು ಯಾರು ಒಯ್ದರೋ... ಅಕ್ಕ, ಅವರ ಗಂಡ ಇಬ್ಬರದೂ ಒಂದು ಫೋಟೋ ಕೂಡ ಇಲ್ಲ. ಆ ದಿನ ವ್ಯಾನಿನಲ್ಲಿ ಹೋದವರಲ್ಲಿ ನಾನೊಬ್ಬಳೇ ಉಳಿದಿದ್ದೇನೆ. ಅಕ್ಕನ ಮಾತೆತ್ತಿದರೆ ಮನೆಯವರು ಕೇಳಿಸಿಕೊಳ್ಳುತ್ತಾರೆ, ಪಾಪ. ಆದರೆ “ಹೌದು, ಅವರು ಹಾಗೇ ಇದ್ದರು” ಎನ್ನುವವರು ಈಗ ಯಾರೂ ಇಲ್ಲ.