ಮೈಕಮ್ಮನ ಮನೆಯ ಮ್ಯಾನೇಜರ್

ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿದೆ, ಯಾರ ಮಗು ತಪ್ಪಿಸಿಕೊಂಡು ಬಂದು ಬಿಸ್ಕತ್ತು ತಿನ್ನುತ್ತಾ ಕೂತಿದೆ ಎಂದು ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಗಾಜಿನ ಗೂಡಿನಿಂದ ಮೈಕಿನಲ್ಲಿ ಊರಿಗೆಲ್ಲ ಸಾರಿದ ಹೆಂಗಸಿಗೆ, ನಿವೃತ್ತಿಯಾದ ಮಾತ್ರಕ್ಕೆ ಗಂಟಲು ತಗ್ಗೀತೆ? ಬೀದಿಯವರು ಆಕೆಗೆ ಇಟ್ಟ ಹೆಸರು ಮೈಕಮ್ಮ. ಮನೆಯಲ್ಲೂ ಆಕೆ ಎಲ್ಲವನ್ನೂ ಸಾರಿಯೇ ಮಾಡುವುದು. "ಹಾಲು ಉಕ್ಕೋಕೆ ಬಂತು!" "ನೀರು ಕಾದಿದೆ, ಸ್ನಾನಕ್ಕೆ ಹೋಗೋರು ಹೋಗ್ಬಹುದು!" ಹೋಗುವವರು ಇದ್ದದ್ದು ಒಬ್ಬರೇ, ಆಕೆಯ ಗಂಡ. ದರ್ಜಿ ಕೆಲಸ, ಮಾತು ಕಡಿಮೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಮಾತಾಡಲಾಗುವುದಿಲ್ಲ ಎಂದು ಅವರ ಅಂಬೋಣ. ಮಾತಾಡಬಾರದೆಂದೇ ಸೂಜಿ ಕಚ್ಚಿಕೊಳ್ಳುತ್ತಾರೆ ಎಂದು ಆಕೆಯ ಅಂಬೋಣ.

ನಿವೃತ್ತಿಯಾದ ವಾರವೇ ಟಿಕೆಟ್ ಕೌಂಟರಿನ ಗೆಳತಿ ಚಿಕ್ಕ ಮನೆಗೆ ಸಾಮಾನು ಸಾಗಿಸುತ್ತಾ, ತನ್ನ ಬಿಳಿ ಕಾಕಟೂ ಗಿಳಿಯನ್ನು ಪಂಜರ ಸಮೇತ ತಂದು ಒಪ್ಪಿಸಿಬಿಟ್ಟಳು. ಸಿಟ್ಟು ಬಂದರೆ ಅದರ ತಲೆಯ ಮೇಲಿನ ಹಳದಿ ಜುಟ್ಟು ನೆಟ್ಟಗೆ ನಿಲ್ಲುತ್ತಿತ್ತು. ನಿಲ್ದಾಣದ ಮ್ಯಾನೇಜರಿಗೂ ಸಿಟ್ಟು ಬಂದಾಗ ಇದ್ದ ನಾಲ್ಕು ಕೂದಲು ಹಾಗೇ ಎದ್ದು ನಿಲ್ಲುತ್ತಿದ್ದದ್ದರಿಂದ, ಹೆಸರಿಗೆ ಹೆಚ್ಚು ಹುಡುಕಬೇಕಾಗಲಿಲ್ಲ.

ಊಟದ ಹೊತ್ತೊಂದು ಬಿಟ್ಟರೆ ಗಿಳಿ ಮ್ಯಾನೇಜರ್ ಬಲು ಸಾಧು. ಕತ್ತು ಬಗ್ಗಿಸಿ ಕೆರೆಸಿಕೊಳ್ಳುವುದು, ಖಾಲಿ ದಾರದುಂಡೆ ಉರುಳಿಸುವುದು, ಇಷ್ಟೇ. ಊಟದ ಬಟ್ಟಲು ಕಂಡಿತೋ, ಮೈಮೇಲೆ ಬಂದವನಂತೆ ಕಿರುಚಿ ಕೈಗೇ ಎರಗುತ್ತಿದ್ದ. ಮೈಕಮ್ಮನ ಮೂರು ಬೆರಳಿಗೆ ಪಟ್ಟಿ ಬಿದ್ದಿತ್ತು.

ನೋಡಿಹೋಗಲು ಬಂದ ಮಗಳ ಕಣ್ಣಿಗೆ ಆ ಪಟ್ಟಿ ಬಿದ್ದದ್ದೇ ತಡ, ಅವಳು ಪಂಜರದಿಂದ ಎರಡು ಹೆಜ್ಜೆ ಹಿಂದೆ ಸರಿದಳು. ಕಂಕುಳಲ್ಲಿ ಹನ್ನೊಂದು ತಿಂಗಳ ಕೂಸು. ಇನ್ನು ಹತ್ತು ದಿನಕ್ಕೆ, ಸೋಮವಾರ, ಅವಳ ರಜೆ ಮುಗಿದು ಆಫೀಸು ಶುರು. ಮಗುವನ್ನು ಹಗಲೆಲ್ಲ ಅಜ್ಜಿಯ ಹತ್ತಿರ ಬಿಡುವುದೆಂದು ಎಂದೋ ಮಾತಾಗಿತ್ತು. ಮೈಕಮ್ಮ ಬೇಗ ನಿವೃತ್ತಿ ಕೇಳಿ ಪಡೆದದ್ದೂ ಅದಕ್ಕೇ.

"ಅಮ್ಮಾ, ಅದು ಬಾದಾಮಿ ಸಿಪ್ಪೆ ಒಡೆಯೋ ಕೊಕ್ಕು. ಇವಳ ಬೆರಳು ನೋಡು, ಬೀನ್ಸ್‌ನಷ್ಟೂ ಇಲ್ಲ!"

"ಊಟದ ಹೊತ್ತಲ್ಲಿ ಮಾತ್ರ ಕಣೇ."

"ಇವಳಿಗೆ ಹೊತ್ತು ಗೊತ್ತಾಗುತ್ತಾ? ಮುಂದಿನ ಭಾನುವಾರ ಮಧ್ಯಾಹ್ನ ಬರ್ತೀನಿ. ನನ್ನ ಕಣ್ಣೆದುರು ನೆಟ್ಟಗೆ ಊಟ ಮಾಡ್ಲಿ. ಇಲ್ಲಾಂದ್ರೆ ಇವಳನ್ನ ಶಿಶುವಿಹಾರಕ್ಕೆ ಸೇರಿಸ್ತೀನಿ. ಹಕ್ಕೀನ ಕಳಿಸಿಬಿಡು ಅಂತ ನಾನೇನೂ ಹೇಳ್ತಿಲ್ಲ."

"ಹೇಳ್ತಿಲ್ಲ ಅಂತ ಅಷ್ಟು ಜೋರಾಗಿ ಹೇಳ್ತಿದ್ದೀಯಲ್ಲ!"

ಮರುದಿನವೇ ಗಂಡ ಹೆಂಡತಿ ಪಂಜರ ಹೊತ್ತು ಹಕ್ಕಿ ಡಾಕ್ಟರಮ್ಮನ ಬಳಿ ಹೋದರು.

"ಕಚ್ಚಿದಾಗ ನೀವೇನು ಮಾಡ್ತೀರಿ?" ಎಂದರು ಡಾಕ್ಟರಮ್ಮ.

"ಕೂಗ್ತೀನಿ."

"ಹೇಗೆ?"

ಮೈಕಮ್ಮ ಕೂಗಿ ತೋರಿಸಿದಳು. ಹೊರಗೆ ಕಾದಿದ್ದ ಎರಡು ನಾಯಿ ಬೊಗಳಿದವು. ಒಳಗೆ ಮ್ಯಾನೇಜರ್ ಜುಟ್ಟು ಬಿಚ್ಚಿ, ಕಾಲೆತ್ತಿ ಕುಣಿಯತೊಡಗಿದ.

"ನೋಡಿ, ಅವನಿಗೆ ಇದು ತಮಾಷೆ. ಕಚ್ಚಿದ್ರೆ ಇಷ್ಟು ದೊಡ್ಡ ಆಟ ಸಿಗುತ್ತೆ ಅಂದ್ರೆ ಯಾರು ಬಿಡ್ತಾರೆ? ಸರಿ, ಯಜಮಾನರೇ, ಅವನು ಕಿರುಚಿದ್ರೆ ನೀವೇನು ಮಾಡ್ತೀರಿ?"

ದರ್ಜಿ ನೆಲ ನೋಡಿದರು. "ಒಂದು ಕಡಲೆಕಾಯಿ ಎಸೀತೀನಿ. ಸುಮ್ಮನಾಗ್ಲಿ ಅಂತ."

"ದಿನಾನಾ?" ಎಂದಳು ಹೆಂಡತಿ.

"ಮೂರು ಹೊತ್ತೂ."

ಡಾಕ್ಟರಮ್ಮನ ಅಪ್ಪಣೆ ಚಿಕ್ಕದು, ಪಾಲಿಸುವುದು ಮಾತ್ರ ಕಷ್ಟ. ಕೂಗಬಾರದು, ಎಸೆಯಬಾರದು. ಕಚ್ಚಿದರೆ ಬಟ್ಟಲು ಹಿಂದಕ್ಕೆ ತಗೊಂಡು, ಬೆನ್ನು ತಿರುಗಿಸಿ ಒಂದು ನಿಮಿಷ ನಿಲ್ಲಬೇಕು. ಜುಟ್ಟು ಇಳಿದ ಮೇಲೇ ಊಟ. "ಮೊದಮೊದಲು ರಂಪ ಹೆಚ್ಚಾಗುತ್ತೆ, ಹೆದರ್ಬೇಡಿ," ಎಂದೂ ಸೇರಿಸಿದರು.

ಹೆಚ್ಚಾಯಿತು! ಮ್ಯಾನೇಜರ್ ಹೆಂಚು ಹಾರಿಹೋಗುವಂತೆ ಅರಚಿದ. ಮೈಕಮ್ಮ ತುಟಿ ಕಚ್ಚಿಕೊಂಡು ಗೋಡೆ ನೋಡುತ್ತಾ ನಿಂತಳು. ಮೂರನೆಯ ದಿನ ಪಕ್ಕದ ಮನೆಯಾಕೆ ಹಣ್ಣು ಹಿಡಿದುಕೊಂಡು ಬಂದಳು. "ಹುಷಾರಿಲ್ವಾ ಅಕ್ಕಾ? ಧ್ವನಿಯೇ ಕೇಳ್ತಿಲ್ಲವಲ್ಲ!"

ಆದರೂ ಕಚ್ಚುವುದು ನಿಲ್ಲಲಿಲ್ಲ. ಐದನೆಯ ದಿನ ಮೈಕಮ್ಮ ಎಂದಿನಂತೆ ಪಂಜರದ ಎದುರಿಗೇ ಕೂತು ಕ್ಯಾರೆಟ್ ಹೆಚ್ಚುತ್ತಿದ್ದಳು. ಜೋಳ ಬಿಡಿಸಿದಳು, ಬಟ್ಟಲು ಒರೆಸಿದಳು, "ಬಂತು, ಊಟ ಬಂತು!" ಎಂದಳು. ತಲೆಯೆತ್ತಿ ನೋಡಿದರೆ ಊಟಕ್ಕೆ ಇನ್ನೂ ಅರ್ಧ ಗಂಟೆ ಇರುವಾಗಲೇ ಜುಟ್ಟು ಎದ್ದು ನಿಂತಿದೆ, ಹಕ್ಕಿ ಸರಳು ಕಚ್ಚಿ ಅಲ್ಲಾಡಿಸುತ್ತಿದೆ. ಆಕೆಯ ಕೈಯ ಬಟ್ಟಲು ಅಲ್ಲೇ ನಿಂತಿತು.

ಇದನ್ನು ಆಕೆ ನೋಡದ ದಿನವಿರಲಿಲ್ಲ. ಚಾಲಕ ಬಸ್ಸನ್ನು ಮುಂಚೆಯೇ ತಂದು, ಬಾಗಿಲು ಹಾಕಿಕೊಂಡು ಜನರ ಮೂಗಿನ ಮುಂದೆ ನಿಲ್ಲಿಸಿಬಿಟ್ಟರೆ, ಎಂಥ ಸಭ್ಯಸ್ಥರೂ ಒಬ್ಬರ ಅಂಗಿ ಒಬ್ಬರು ಹರಿಯುತ್ತಿದ್ದರು. "ಬಾಗಿಲು ತೆಗೆಯೋ ಹೊತ್ತಿಗೆ ಬಸ್ಸು ತಾರಪ್ಪಾ, ಮೊದಲು ಸಾಲು ನಿಲ್ಲಲಿ!" ಎಂದು ಆಕೆಯೇ ಎಷ್ಟು ಸಲ ಬೈದಿರಲಿಲ್ಲ!

"ರೀ, ತಪ್ಪು ಮ್ಯಾನೇಜರದ್ದಲ್ಲ. ಬಸ್ಸು ಬೇಗ ತರ್ತಿರೋಳು ನಾನು!"

ಗಂಡನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಹೇಳಿದಂತೆ ಪಂಜರದ ದೂರದ ಮೂಲೆಯಲ್ಲಿ ಇನ್ನೊಂದು ಕೋಲು ಕಟ್ಟಿಕೊಟ್ಟರು. ಅಂದಿನಿಂದ ಹೆಚ್ಚುವುದೆಲ್ಲ ಅಡುಗೆಮನೆಯಲ್ಲಿ, ಬಾಗಿಲು ಹಾಕಿಕೊಂಡು. ಸಾರುವುದು ಬಂದ್. ಆ ಕೋಲಿಗೆ ಚಮಚದಿಂದ ಟಕ್ ಎಂದು ಬಡಿಯುವುದು. ಹಕ್ಕಿ ಅಲ್ಲಿ ಹೋಗಿ ಕೂತರೆ ಒಂದು ಸೂರ್ಯಕಾಂತಿ ಬೀಜ. ಆಮೇಲೇ ಈ ಕಡೆಯ ಬಾಗಿಲಿನಿಂದ ಬಟ್ಟಲು ಒಳಗೆ. ಶನಿವಾರದ ಹೊತ್ತಿಗೆ ಚಮಚ ಎತ್ತಿದರೇ ಸಾಕು, ಮ್ಯಾನೇಜರ್ ಮೂಲೆ ಸೇರುತ್ತಿದ್ದ.

ಭಾನುವಾರ ಮಗಳು ಬಂದಳು. ಮಗು ಅಜ್ಜನ ಕೈಗೆ, ಅಜ್ಜ ಹೊಸ್ತಿಲಾಚೆಗೆ. ಮೈಕಮ್ಮ ಬಡಿದಳು, ಕಾದಳು, ಇಟ್ಟಳು. ಹಕ್ಕಿ ಬೆಣ್ಣೆಯಂತಿತ್ತು.

"ನಿನ್ನ ಕೈಯಲ್ಲಿ ಸರಿ. ನಾನು ಕೊಟ್ಟು ನೋಡ್ತೀನಿ," ಎಂದಳು ಮಗಳು.

ಅಡುಗೆಮನೆಯಿಂದ ಇನ್ನೊಂದು ಬಟ್ಟಲು ಬಂತು. ಕೋಲಿಗೆ ಬಡಿದ ಮಗಳು, ಹಕ್ಕಿ ನೆಲೆ ನಿಲ್ಲುವ ಮೊದಲೇ ಬಟ್ಟಲು ಒಳಗಿಟ್ಟಳು. ಮ್ಯಾನೇಜರ್ ಹಾರಿ ಬಂದು ಹೆಬ್ಬೆರಳು ಚಿವುಟಿದ. ರಕ್ತ ಬರಲಿಲ್ಲ, ಕೆಂಪಗಾಯಿತು.

ಜಿರಳೆ ಕಂಡರೆ ಬೀದಿಯನ್ನೇ ಎಬ್ಬಿಸುವ ಹುಡುಗಿ! ಇನ್ನೇನು ಎಲ್ಲ ಮುಗಿಯಿತೆಂದು ಮೈಕಮ್ಮ ತನ್ನ ಬಾಯಿಗೆ ತಾನೇ ಅಂಗೈ ಒತ್ತಿಕೊಂಡಳು. ಆದರೆ ಮಗಳು ಉಸಿರೆತ್ತಲಿಲ್ಲ. ಅಮ್ಮ ಹೇಳಿಕೊಟ್ಟಿದ್ದಂತೆಯೇ ಬಟ್ಟಲು ತೆಗೆದುಕೊಂಡು ಬೆನ್ನು ತಿರುಗಿಸಿದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ಎಣಿಕೆ. ಹಿಂದೆ ಮ್ಯಾನೇಜರ್ ಅರಚುತ್ತಲೇ ಇದ್ದ. ಹೊಸ್ತಿಲಾಚೆ ದರ್ಜಿಯ ಕೈ ಜೇಬಿಗಿಳಿಯಿತು, ಹೆಂಡತಿಯ ಕಣ್ಣು ಕಂಡು ಬರಿಗೈಯಾಗಿ ಮೇಲೆ ಬಂತು.

ಅರವತ್ತಾಯಿತು. ಮತ್ತೆ ಟಕ್. ಈ ಸಲ ಮಗಳು ಕಾದಳು. ಜುಟ್ಟು ಪೂರ್ತಿ ಮಡಚುವವರೆಗೂ ಕಾದಳು. ಬೀಜ ಕೊಟ್ಟಳು, ಬಟ್ಟಲಿಟ್ಟಳು, ಕೈ ತೆಗೆದಳು. ಮ್ಯಾನೇಜರ್ ಇಳಿದು ಬಂದು, ಏನೂ ನಡೆದೇ ಇಲ್ಲವೆಂಬಂತೆ ಜೋಳ ಆರಿಸತೊಡಗಿದ.

"ತಪ್ಪು ನಂದೇ ಅಮ್ಮಾ. ಅವಸರ ಮಾಡಿದೆ." ಹೆಬ್ಬೆರಳು ಉಜ್ಜಿಕೊಳ್ಳುತ್ತಾ ಹೇಳಿದಳು. "ಆದ್ರೆ ಕೇಳು. ಇವಳ ಊಟ ಅಡುಗೆಮನೇಲಿ, ಅವನದ್ದು ಇಲ್ಲಿ. ನಡುವಿನ ಬಾಗಿಲು ಹಾಕಿರ್ಬೇಕು. ಇವಳನ್ನ ಎತ್ಕೊಂಡೂ ಪಂಜರದ ಹತ್ತಿರ ಹೋಗ್ಬಾರದು. ಬರೆದು ಅಂಟಿಸ್ತೀನಿ."

"ಅಂಟಿಸು. ದೊಡ್ಡಕ್ಷರದಲ್ಲಿ ಬರಿ, ನಿಮ್ಮಪ್ಪನಿಗೂ ಕಾಣ್ಲಿ."

ಮಗಳು ತನ್ನ ದೊಡ್ಡ ಚೀಲ ಎಳೆದುಕೊಂಡು ಅಡುಗೆಮನೆಗೆ ಹೋದಳು. ಮಗುವಿನ ಬಟ್ಟಲು, ಎರಡು ಚಮಚ, ಐದು ಜೊತೆ ಬಟ್ಟೆ, ಜ್ವರದ ಔಷಧ ಒಂದೊಂದಾಗಿ ಕಪಾಟು ಸೇರಿದವು.

"ಎಲ್ಲಾ ತಂದೇ ಬಂದಿದ್ಯಾ?"

"ತಂದಿದ್ದೆ. ವಾಪಸ್ ಹೊರೋದಕ್ಕೂ ತಯಾರಾಗೇ ಇದ್ದೆ," ಎಂದಳು ಮಗಳು, ಔಷಧದ ಸೀಸೆಯನ್ನು ಇನ್ನೂ ಮೇಲಿನ ಹಲಗೆಗೆ ಏರಿಸುತ್ತಾ. "ನಾಳೆ ಎಂಟೂವರೆಗೆ ಬಿಡ್ತೀನಿ. ಎದ್ದಿರ್ತೀಯ ತಾನೇ?"