ಬಾಗಿಲ ಬಳಿ ಕೂರುತ್ತಿದ್ದ ಓಬಕ್ಕ

ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡುಗಳಿಗೇನು ಬರವಿಲ್ಲ. ಅಂಥದ್ದೊಂದು ಶೆಡ್ಡಿನಲ್ಲಿ ಹೊಲಿದ ಪ್ಯಾಂಟುಗಳ ಉಳಿಕೆ ದಾರ ಕತ್ತರಿಸುವ ಕೆಲಸ ಓಬಕ್ಕನದು. ವಾರವೆಲ್ಲ ಕತ್ತರಿ ಹಿಡಿದ ಕೈ ಭಾನುವಾರ ಬೈಬಲ್ ಹಿಡಿಯುತ್ತಿತ್ತು. ನಾಲಿಗೆಗೆ ಮಾತ್ರ ಭಾನುವಾರವೂ ರಜೆಯಿಲ್ಲ, ಕತ್ತರಿಸುತ್ತಲೇ ಇರುತ್ತಿತ್ತು. ಕ್ರೈಸ್ತಳಾದಾಗ ದೀಕ್ಷಾಸ್ನಾನದಲ್ಲಿ ಮಾರ್ತಮ್ಮ ಎಂದು ಹೆಸರಿಟ್ಟಿದ್ದರು, ಆದರೆ ಊರಿಗೆ ಅವಳು ಓಬಕ್ಕನೇ.

ಊರಂಚಿನ ತಗಡಿನ ಪ್ರಾರ್ಥನಾ ಮಂದಿರಕ್ಕೆ ಎಲ್ಲರಿಗಿಂತ ಮೊದಲು ಬಂದು, ಚಾಪೆ ಹಾಸಿ, ಬಾಗಿಲ ಪಕ್ಕ ಕೂತುಬಿಡುತ್ತಿದ್ದಳು. ಅಲ್ಲಿ ಕೂರು ಎಂದು ಯಾರೂ ಹೇಳಿರಲಿಲ್ಲ. ಬರುವ ಹೆಂಗಸರ ಹಣೆ, ಮುಡಿ, ಬಳೆ ಎಲ್ಲದರ ಮೇಲೂ ಅವಳ ಕಣ್ಣು. ಯಾರ ಹಣೆಯಲ್ಲಾದರೂ ಕುಂಕುಮ ಕಂಡಿತೋ, ಮುಗಿಯಿತು, ಒರೆಸಿಕೊಂಡು ಬಾ ಎಂದು ಅಲ್ಲೇ ನಿಲ್ಲಿಸುತ್ತಿದ್ದಳು. ಅವಳ ಉರಿಗೆ ಕಾರಣವೂ ಇತ್ತು ಅನ್ನಿ. ತಾನು ಕುಂಕುಮ ಬಿಟ್ಟಾಗ ಅತ್ತೆ ಮನೆಯಿಂದ ಹೊರಗೆ ಹಾಕಿದ್ದಳು. ಹೆತ್ತ ತಾಯಿ ಸಾಯುವವರೆಗೂ ಮಾತಾಡಿಸಲಿಲ್ಲ. ಇಷ್ಟೆಲ್ಲ ಕಳಕೊಂಡು ಬಂದ ನನ್ನ ಪಕ್ಕದಲ್ಲಿ ಇವರು ಏನೂ ಬಿಡದೆ ಬಂದು ಕೂರುವುದೆಂದರೇನು ಎಂಬ ಸಿಟ್ಟು ಅವಳದು.

ಆದರೆ ಮಹಾತಾಯಿ ಒಂದನ್ನು ಮರೆತಿದ್ದಳು. ಅವಳ ಗಂಡ ಓಬುಲೇಶ್ ಮೊದಲ ಸಲ ಆ ಬಾಗಿಲು ದಾಟಿದ್ದು ಕಂಠಪೂರ್ತಿ ಕುಡಿದು. ಚಾಪೆಯ ಮೇಲೆಯೇ ವಾಂತಿ ಮಾಡಿಕೊಂಡಿದ್ದ. ಅಯ್ಯಗಾರು, ಅಂದರೆ ಅಲ್ಲಿನ ಪಾಸ್ಟರು, ತಾವೇ ನೀರು ತಂದು ತೊಳೆದಿದ್ದರು. ಕುಡಿತ ಬಿಟ್ಟು ಆಮೇಲೆ ಬಾ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಮೀನಾಕ್ಷಿ ಎಂಬ ಹೆಂಗಸು ಬಂದಳು. ಬೇರೊಂದು ಶೆಡ್ಡಿನಲ್ಲಿ ಪ್ಯಾಂಟುಗಳಿಗೆ ಇಸ್ತ್ರಿ ಹಾಕುವವನ ಹೆಂಡತಿ. ಅವನ ಲಿವರ್ ಪೂರ್ತಿ ಕೆಟ್ಟಿತ್ತು, ಬಳ್ಳಾರಿಯ ಡಾಕ್ಟರು ಇನ್ನು ಮನೆಗೆ ಕರಕೊಂಡು ಹೋಗಿ ಎಂದು ಕೈಚೆಲ್ಲಿದ್ದರು. ಮೀನಾಕ್ಷಿ ಹೋಗದ ಗುಡಿಯಿಲ್ಲ, ಕಟ್ಟದ ಮುಡಿಪಿಲ್ಲ. ಇಲ್ಲೊಮ್ಮೆ ಪ್ರಾರ್ಥನೆ ಮಾಡಿಸು ಎಂದು ಯಾರೋ ಹೇಳಿದ್ದರಿಂದ ಬಂದಿದ್ದಳು. ಹಣೆ ತುಂಬ ಕುಂಕುಮ, ತಲೆಯ ಮೇಲೆ ಸೆರಗು. ಚಪ್ಪಲಿ ಬಿಟ್ಟು ಒಳಗೆ ಕಾಲಿಡುವಷ್ಟರಲ್ಲಿ ಓಬಕ್ಕ ಕೈ ಅಡ್ಡ ಹಿಡಿದಳು.

“ಹಣಿ ಒರಸ್ಕೊಂಡು ಬಾ ತಂಗಿ. ಅರ್ಧ ಅಲ್ಲಿ, ಅರ್ಧ ಇಲ್ಲಿ ಇದ್ರ ದೇವರು ಕೇಳಂಗಿಲ್ಲ.”

“ಅವರಿಗೆ ಆರಾಮಿಲ್ರಿ ಅಕ್ಕಾ,” ಎಂದಳು ಮೀನಾಕ್ಷಿ. “ಅವರು ಇರೋವಾಗ ನನ್ನ ಕೈಯಾರ ಇದನ್ನ ಹೆಂಗ ಒರಸ್ಲಿ?”

ಗಂಡ ಬದುಕಿರುವಾಗ ಕುಂಕುಮ ಒರೆಸಿಕೊಂಡರೆ ಅವನ ಸಾವು ಬಯಸಿದಂತೆ ಎಂದು ನಂಬಿ ಬೆಳೆದ ಹೆಣ್ಣು ಅದು. ಓಬಕ್ಕನಿಗೆ ಇದು ಗೊತ್ತಿರಲಿಲ್ಲವೇ? ಅವಳೂ ಅದೇ ನಂಬಿಕೆಯಲ್ಲಿ ಬೆಳೆದವಳು. ಗೊತ್ತಿದ್ದೂ, ಹಾಗಾದರೆ ನಿನ್ನಿಷ್ಟ ಎಂದು ಮುಖ ತಿರುಗಿಸಿದಳು. ಮೀನಾಕ್ಷಿಯ ಬೆರಳು ಹಣೆಯವರೆಗೆ ಹೋಗಿ ಕೆಳಗಿಳಿಯಿತು. ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಅವತ್ತಿನ ಹಾಡುಗಳಲ್ಲಿ ಎಲ್ಲರಿಗಿಂತ ಜೋರಾಗಿ ಕೇಳಿಸಿದ್ದು ಓಬಕ್ಕನ ಗಂಟಲೇ.

ಕೆಲವು ವಾರಗಳ ಮೇಲೆ ಆ ಇಸ್ತ್ರಿಯವನು ತೀರಿಕೊಂಡ ಸುದ್ದಿ ತಂದವಳು ಶೆಡ್ಡಿನಲ್ಲಿ ಓಬಕ್ಕನ ಜೊತೆ ದಾರ ಕತ್ತರಿಸುವ ಶಿರಿಷಾ. ಅವಳದು ಮೀನಾಕ್ಷಿಯ ಬೀದಿಯೇ. ತಿಥಿಯ ದಿನ ಹೆಂಗಸರು ಕೂಡಿ ಕುಂಕುಮ ಅಳಿಸಲು ಹೋದರೆ, ಮೀನಾಕ್ಷಿ ಎರಡೂ ಕೈಯಲ್ಲಿ ಹಣೆ ಮುಚ್ಚಿಕೊಂಡು ಬಿಡಲೇ ಇಲ್ಲವಂತೆ, ಕೊನೆಗೆ ಕೈ ಹಿಡಿದು ಒರೆಸಬೇಕಾಯಿತಂತೆ. ಶಿರಿಷಾ ಹೇಳುತ್ತ ಹೇಳುತ್ತ ಕಣ್ಣೊರೆಸಿಕೊಂಡಳು. ಓಬಕ್ಕ ಅವತ್ತು ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ.

ಸಂಜೆ ನೇರ ಅಯ್ಯಗಾರ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಪ್ರಾರ್ಥನೆ ಮಾಡಿದ್ದರೆ ಅವನು ಉಳಿಯುತ್ತಿದ್ದನೇ ಎಂದು ಕೇಳಿದಳು.

“ಉಳೀತಿದ್ನೋ ಇಲ್ವೋ ನನಗ ಗೊತ್ತಿಲ್ಲಮ್ಮ,” ಎಂದರು ಅವರು. “ಆದ್ರ ಆ ಬಾಗಿಲಿಗೆ ನಿನ್ನ ಕಾವಲು ಇಟ್ಟಾಂವ ನಾನಲ್ಲ. ಯೇಸುನೂ ಅಲ್ಲ.”

ಹೋಗಿ ತಪ್ಪಾಯಿತು ಎನ್ನು, ಅವಳು ಬೈದರೆ ಬೈಸಿಕೋ ಎಂದು ಕಳಿಸಿದರು. ಓಬಕ್ಕ ಹೊರಟಳು. ಮೀನಾಕ್ಷಿಯ ಬೀದಿಯ ತಿರುವಿನವರೆಗೆ ಹೋಗಿ, ಕಾಲು ಬರದೆ, ವಾಪಸಾದಳು. ಮತ್ತೊಂದು ದಿನವೂ ಹಾಗೆಯೇ ಆಯಿತು. ಯಾವ ಮುಖ ಹೊತ್ತು ಹೋಗಬೇಕು?

ಕೊನೆಗೆ ಬಂದವಳು ಮೀನಾಕ್ಷಿಯೇ. ಭಾನುವಾರ ಬೆಳಿಗ್ಗೆ, ಇನ್ನೂ ಯಾರೂ ಬಂದಿರಲಿಲ್ಲ. ಓಬಕ್ಕ ಚಾಪೆ ಹಾಸಿ ತಲೆಯೆತ್ತಿದರೆ ಹೊಸಿಲಾಚೆ ಅವಳು ನಿಂತಿದ್ದಾಳೆ, ಬೋಳು ಹಣೆ. ಓಬಕ್ಕ ಒಳಗೆ ಬಾರವ್ವ ಎಂದು ಹೇಗೋ ಅಂದಳು. ಮೀನಾಕ್ಷಿ ಇಲ್ಲೇ ಹೇಳಿ ಹೋಗುತ್ತೇನೆ ಎಂದು ನಿಂತಲ್ಲೇ ನಿಂತಳು.

“ಆವತ್ತು ನಮ್ಮ ಮನಿಯವರು ಅಲ್ಲೇ ರಸ್ತಿ ಬದಿ ಆಟೋದಾಗ ಮಲಗಿದ್ರು ಅಕ್ಕಾ. ಇಳಿಯಾಕ ಆಗ್ತಿದ್ದಿಲ್ಲ. ನಾ ವಾಪಸ್ ಹೋದಾಗ, ಒಳಗ ಏನಂದ್ರು ಅಂತ ಕೇಳಿದ್ರು. ಒಳಗ ಬಿಡಲಿಲ್ಲ ಅಂತ ಆ ಜೀವಕ್ಕ ಹೆಂಗ ಹೇಳ್ಲಿ? ಒಬ್ಬ ಅಕ್ಕ ನಿಮ್ಮ ಹೆಸರು ಹಿಡಿದು ಅತ್ತು ಪ್ರಾರ್ಥನಿ ಮಾಡಿದ್ರು ಅಂದೆ.”

ಆ ರಾತ್ರಿ ಅವನು ಎರಡು ತುತ್ತು ಗಂಜಿ ಕುಡಿದನಂತೆ, ನಿದ್ದೆಯೂ ಮಾಡಿದನಂತೆ. ನಮ್ಮವರಲ್ಲ, ನೆಂಟರಲ್ಲ, ಯಾರೋ ಒಬ್ಬರು ನನಗಾಗಿ ಅತ್ತರಲ್ಲ ಎಂದು ಸಾಯುವವರೆಗೂ ಅದೇ ಮಾತಂತೆ.

“ಆ ಅಕ್ಕಗ ನಾನು ಕೈ ಮುಗಿದೀನಿ ಅಂತ ಹೇಳು ಅಂದ್ರು. ಅದನ್ನ ಹೇಳಾಕ ಬಂದೀನ್ರಿ.”

ಮೀನಾಕ್ಷಿಯ ದನಿಯಲ್ಲಿ ಕುಟುಕು ಇದೆಯೇ ಎಂದು ಓಬಕ್ಕ ಹುಡುಕಿದಳು. ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರ ಹೆಸರೇನವ್ವ ಎಂದಷ್ಟೇ ಕೇಳಿದಳು.

“ತಿರುಮಲೇಶ್ ಅಂತರಿ.”

ಸತ್ತವರಿಗಾಗಿ ಪ್ರಾರ್ಥನೆ ಮಾಡುವ ವಾಡಿಕೆ ಅವರ ಸಭೆಯಲ್ಲಿಲ್ಲ. ಅದು ತಪ್ಪು ಎಂದು ಎಷ್ಟೋ ಜನರ ಬಾಯಿ ಮುಚ್ಚಿಸಿದವಳು ಇದೇ ಓಬಕ್ಕ. ಈಗ ಹೊಸಿಲು ದಾಟಿ ಹೊರಗೆ ಬಂದು, ಮೀನಾಕ್ಷಿಯ ಕಾಲ ಬಳಿ ಮಣ್ಣಿನಲ್ಲೇ ಮೊಣಕಾಲೂರಿದಳು. ತಂದೆಯೇ, ತಿರುಮಲೇಶನನ್ನು ಒಳಗೆ ಕರಕೋ, ಬಾಗಿಲಲ್ಲಿ ನಿಲ್ಲಿಸಬೇಡ ಎಂದು ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟರಲ್ಲಿ ಬಂದ ಅಯ್ಯಗಾರು ತಡೆಯಲಿಲ್ಲ. ಮೀನಾಕ್ಷಿಯೂ ಪಕ್ಕದಲ್ಲಿ ಕುಸಿದು ಕೂತು ಅವಳ ಕೈ ಹಿಡಿದುಕೊಂಡಳು. ಆಟೋದಲ್ಲಿ ಗಂಡನಿಗೆ ಅವಳು ಹೇಳಿದ್ದೆಲ್ಲ ಈಗ ನಿಜವಾಗಿತ್ತು, ಕೇಳುವುದಕ್ಕೆ ಅವನೊಬ್ಬ ಇರಲಿಲ್ಲ.